ನಕ್ಷೆಯಲ್ಲಿಲ್ಲದ ಭಾರ

2012ರ ಜುಲೈ 6, ಶುಕ್ರವಾರ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ರೇಗನ್ ನ್ಯಾಷನಲ್ ವಿಮಾನ ನಿಲ್ದಾಣದಲ್ಲಿ ಸುಡುಬಿಸಿಲು. ತಾಪಮಾನ 38 ಡಿಗ್ರಿಯ ಆಸುಪಾಸು. ಚಾರ್ಲ್ಸ್‌ಟನ್‌ಗೆ ಹೊರಡಬೇಕಿದ್ದ ಸಣ್ಣ ಜೆಟ್ ವಿಮಾನವೊಂದನ್ನು ಅದು ನಿಂತ ಜಾಗದಿಂದ ಕದಲಿಸಲು ಎಂದಿನ ಟಗ್ ಗಾಡಿ ಬಂತು. ವಿಮಾನ ಮಿಸುಕಲಿಲ್ಲ. ನೋಡಿದರೆ ಗಾಲಿಗಳು ಡಾಂಬರಿನೊಳಗೆ ಹೂತು ಕೂತಿದ್ದವು. ಒಳಗಿದ್ದ 35 ಪ್ರಯಾಣಿಕರನ್ನು ಇಳಿಸಿದರು, ಇನ್ನೂ ದೊಡ್ಡ ಟಗ್ ತರಿಸಿದರು, ಅಂತೂ ಇಂತೂ ಎಳೆದು ತೆಗೆದರು. ಮೂರು ಗಂಟೆ ತಡವಾಗಿ ಹಾರಾಟ ಶುರುವಾಯಿತು. ಪ್ರಯಾಣಿಕರೊಬ್ಬರು ತೆಗೆದ, ಗಾಲಿ ಹೂತ ಫೋಟೊ ಜಗತ್ತೆಲ್ಲ ಸುತ್ತಿತು.

ಅದಿರು ಲಾರಿಗಳ ಕಾಲದ ಬಳ್ಳಾರಿ, ಹೊಸಪೇಟೆ ರಸ್ತೆಗಳನ್ನು ಬೇಸಿಗೆಯಲ್ಲಿ ಕಂಡವರಿಗೆ ಇದರಲ್ಲಿ ಸೋಜಿಗವೇನೂ ಕಾಣದು. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ಆ ವಿಮಾನ ಸಿಆರ್‌ಜೆ-200, ಐವತ್ತು ಸೀಟಿನದು. ಇಂಧನ, ಜನ, ಸಾಮಾನು ಎಲ್ಲ ತುಂಬಿದರೂ ಅದರ ತೂಕ ಸುಮಾರು 24 ಟನ್ನಿನ ಆಚೆ ಹೋಗದು. ನಮ್ಮ ಹತ್ತು ಚಕ್ರದ ಲಾರಿಗೆ 2018ರಿಂದ ಕಾನೂನು ಕೊಟ್ಟಿರುವ ಮಿತಿಯೇ 28.5 ಟನ್. ಎರಡನೆಯದು, ವಿಮಾನ ಹೂತದ್ದು ರನ್‌ವೇಯಲ್ಲಲ್ಲ, ನಿಲ್ಲುವ ಜಾಗದಲ್ಲಿ.

ವಿಮಾನ ನಿಲ್ದಾಣ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ರನ್‌ವೇ. ಉದ್ಘಾಟನೆಯ ಭಾಷಣದಲ್ಲಿ ಅದರ ಉದ್ದ ಹೇಳುತ್ತಾರೆ, ಪತ್ರಿಕೆಯಲ್ಲಿ ಅದರದೇ ಚಿತ್ರ ಹಾಕುತ್ತಾರೆ. ಟರ್ಮಿನಲ್ಲಿಗೂ ರನ್‌ವೇಗೂ ನಡುವಿನ ಓಣಿದಾರಿಗಳಾದ ಟ್ಯಾಕ್ಸಿವೇಗಳನ್ನು ಕೇಳುವವರಿಲ್ಲ. ನೆಲಕ್ಕೆ ಬೀಳುವ ಪೆಟ್ಟಿನ ಲೆಕ್ಕ ಹಿಡಿದರೆ ಮಾತ್ರ ಈ ಓಣಿಯ ಪಾಡೇ ಹೆಚ್ಚು ಕಷ್ಟದ್ದು.

ಯಾಕೆ ಎಂದು ನೋಡಲು ಬೋಯಿಂಗ್ 777-300ಇಆರ್ ವಿಮಾನದ ಅಂಕಿಗಳನ್ನು ತೆಗೆದುಕೊಳ್ಳಿ. ಅದು ನೆಲ ಬಿಟ್ಟು ಏಳುವಾಗ ಇರಬಹುದಾದ ಗರಿಷ್ಠ ತೂಕ ಸುಮಾರು 351.5 ಟನ್. ಇಳಿಯುವಾಗ ಇರಬಹುದಾದದ್ದು ಸುಮಾರು 251 ಟನ್. ನಡುವಿನ ನೂರು ಟನ್ ಬಹುಪಾಲು ದಾರಿಯಲ್ಲಿ ಸುಟ್ಟ ಇಂಧನ. ಹಾಗಾಗಿ ವಿಮಾನ ಧೊಪ್ಪೆಂದು ಇಳಿಯುವ ಗಳಿಗೆಯೇ ನೆಲಕ್ಕೆ ಭಾರವಾದದ್ದು ಎಂಬ ನಮ್ಮ ಊಹೆ ಸುಳ್ಳು. ಇಳಿಯುವಾಗ ಅದು ಹಗುರ, ಅದರ ಮೇಲೆ ರೆಕ್ಕೆಗಳು ಇನ್ನೂ ಒಂದಿಷ್ಟು ಭಾರವನ್ನು ಹೊತ್ತಿರುತ್ತವೆ. ಇದೇ ವಿಮಾನಕ್ಕೆ ಮೂರನೆಯ ಮಿತಿಯೊಂದಿದೆ, ಟ್ಯಾಕ್ಸಿ ತೂಕ ಎಂದು. ಅದು 352.4 ಟನ್, ಏಳುವ ತೂಕಕ್ಕಿಂತ ಸುಮಾರು 900 ಕಿಲೊ ಜಾಸ್ತಿ. ರನ್‌ವೇ ತುದಿಗೆ ತೆವಳಿ ಹೋಗುವಷ್ಟರಲ್ಲಿ ಉರಿಯುವ ಇಂಧನಕ್ಕೆಂದು ಬಿಟ್ಟ ಜಾಗ ಅದು. ಅಂದರೆ ವಿಮಾನವೊಂದು ತನ್ನ ಬಾಳಿನಲ್ಲೇ ಅತಿ ಭಾರವಾಗಿ ಇರಬಹುದಾದ ಸ್ಥಳ ಟ್ಯಾಕ್ಸಿವೇ.

ಅಲ್ಲಿ ಅದು ಓಡುವುದೂ ಇಲ್ಲ. ಒಂದರ ಹಿಂದೊಂದು ಸಾಲುಗಟ್ಟಿ, ನಿಂತು, ತೆವಳಿ, ಮತ್ತೆ ನಿಂತು ಸಾಗುತ್ತದೆ. ನಾಟಿಗದ್ದೆಯ ಕೆಸರಿನಲ್ಲಿ ನಡೆದವರಿಗೆ ಇದು ಗೊತ್ತು: ಸರಸರ ಹೆಜ್ಜೆ ಹಾಕಿದರೆ ದಾಟಿಬಿಡಬಹುದು, ನಿಂತರೆ ಕಾಲು ಹೂಳುತ್ತದೆ. ಡಾಂಬರಿನ ಗುಣವೂ ಅಂಥದೇ. ಕ್ಷಣಮಾತ್ರದ ಭಾರಕ್ಕೆ ಗಟ್ಟಿಯಾಗಿ ನಿಲ್ಲುತ್ತದೆ, ಹೊತ್ತು ಕಳೆದಂತೆ ಮೆತ್ತಗೆ ಜರಗುತ್ತದೆ, ಬಿಸಿಲಿನಲ್ಲಿ ಇನ್ನೂ ಬೇಗ. ಮೇಲಾಗಿ ಟ್ಯಾಕ್ಸಿವೇ ನಡುವೆ ಎಳೆದ ಹಳದಿ ಗೆರೆಯ ಮೇಲೇ ಮೂಗಿನ ಗಾಲಿ ಉರುಳಬೇಕು. ಹಾಗಾಗಿ ಒಂದೇ ಬಗೆಯ ವಿಮಾನಗಳ ಗಾಲಿಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ತುಳಿಯುತ್ತವೆ, ಎತ್ತಿನಗಾಡಿಯ ದಾರಿಯಲ್ಲಿ ಚಕ್ರದ ಗುರುತು ಆಳವಾದ ಹಾಗೆ. ತಿರುವಿನಲ್ಲಂತೂ ಭಾರದ ಜೊತೆಗೆ ತಿರುಚುವ ಬಲವೂ ಸೇರಿ ಮೇಲ್ಪದರವನ್ನೇ ತಳ್ಳುತ್ತದೆ.

ವಿಮಾನಗಳ ನೆಲಗಟ್ಟಿನ ಶಾಸ್ತ್ರದ ಹುಟ್ಟಿಗೂ ಇಂಥದೇ ಒಂದು ಪ್ರಸಂಗ ಕಾರಣ. 1941ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಡಗ್ಲಸ್ ಕಂಪನಿ ಅಮೆರಿಕದ ಸೇನೆಗಾಗಿ ಎಕ್ಸ್‌ಬಿ-19 ಎಂಬ ಬಾಂಬರ್ ಕಟ್ಟಿತು. ರೆಕ್ಕೆಯ ಹರವು 64 ಮೀಟರ್ ಮೀರಿತ್ತು, ಆಳೆತ್ತರವನ್ನೂ ಮೀರಿದ ಒಂದೊಂದೇ ದೈತ್ಯ ಗಾಲಿ ಆಚೀಚೆ. ಆ ಭಾರೀ ವಿಮಾನ ಹ್ಯಾಂಗರಿನಿಂದ ಹೊರಬಂದಾಗ ಕ್ಲೋವರ್ ಫೀಲ್ಡಿನ ನೆಲಗಟ್ಟನ್ನು ಒಡೆದು ಗಾಲಿಗಳು ಕೆಳಗಿಳಿದವು. ಹಾರುವುದಿರಲಿ, ರನ್‌ವೇ ಮುಟ್ಟುವ ಮೊದಲೇ ಈ ಗತಿ! ಯುದ್ಧ ಹತ್ತಿರ ಬರುತ್ತಿದ್ದ ಕಾಲ. ಇದಕ್ಕಿಂತ ಭಾರದ ವಿಮಾನಗಳು ಕಾಗದದ ಮೇಲಿದ್ದವು. ಅವನ್ನು ಹೊರುವ ನೆಲವನ್ನು ಎಷ್ಟು ದಪ್ಪ ಕಟ್ಟಬೇಕು ಎಂದು ಹೇಳಬಲ್ಲ ಸೂತ್ರ ಸೇನಾ ಎಂಜಿನಿಯರುಗಳ ಕೈಯಲ್ಲಿರಲಿಲ್ಲ. ಹುಡುಕಾಡಿದವರಿಗೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯಲ್ಲಿದ್ದ ಓ.ಜೆ. ಪೋರ್ಟರ್ 1920ರ ದಶಕದ ಕೊನೆಯಲ್ಲಿ ರೂಪಿಸಿದ್ದ ಒಂದು ಸರಳ ಪರೀಕ್ಷೆ. ರಸ್ತೆಗೆಂದು ಹುಟ್ಟಿದ್ದನ್ನು 1942ರಲ್ಲಿ ವಿಮಾನಗಳಿಗೆ ಹೊಂದಿಸಿಕೊಂಡರು.

ನಮ್ಮಲ್ಲಿ ಸಿವಿಲ್ ಎಂಜಿನಿಯರಿಂಗೋ ಡಿಪ್ಲೊಮಾವೋ ಓದಿದವರಿಗೆಲ್ಲ ಆ ಪರೀಕ್ಷೆ ಗೊತ್ತು. ಅದೇ ಸಿಬಿಆರ್, ಕ್ಯಾಲಿಫೋರ್ನಿಯಾ ಬೇರಿಂಗ್ ರೇಷಿಯೊ. ಅಚ್ಚಿನಲ್ಲಿ ಗಿಡಿದ ಮಣ್ಣನ್ನು ನಾಲ್ಕು ದಿನ ನೀರಲ್ಲಿ ನೆನೆಹಾಕಿ, 50 ಮಿಲಿಮೀಟರ್ ದಪ್ಪದ ಕಂಬಿಯನ್ನು ನಿಮಿಷಕ್ಕೆ 1.25 ಮಿಲಿಮೀಟರಿನಂತೆ ಒತ್ತುತ್ತ, ಡಯಲ್ ಗೇಜ್ ನೋಡಿ ಬರೆದುಕೊಳ್ಳುತ್ತ ಮಧ್ಯಾಹ್ನ ಕಳೆದ ನೆನಪು ಎಷ್ಟು ಜನಕ್ಕಿಲ್ಲ? ಒಳ್ಳೆಯ ಜಲ್ಲಿಗೆ ನೂರು ಅಂಕ ಎಂದಿಟ್ಟುಕೊಂಡರೆ ನಿಮ್ಮ ಮಣ್ಣಿಗೆ ಎಷ್ಟು ಎಂಬುದೇ ಉತ್ತರ. ಧಾರವಾಡ, ಕಲಬುರಗಿ ಕಡೆಯ ಎರೆಮಣ್ಣು ನೆನೆದ ಮೇಲೆ ಎರಡು ಮೂರು ಅಂಕಕ್ಕೆ ಇಳಿದುಬಿಡುವುದುಂಟು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಿರುವ ಅದೇ ನೆಲ ಮಳೆಗಾಲದಲ್ಲಿ ಗಾಡಿಯನ್ನು ನುಂಗುತ್ತದೆ. ಮೇಲೆ ಹಾಸಿದ ಡಾಂಬರು ಎಲ್ಲ ಊರಲ್ಲೂ ಕಪ್ಪಗೇ ಕಾಣುತ್ತದೆ; ಹೊರುವುದು ಮಾತ್ರ ಕೆಳಗಿನ ಮಣ್ಣು. ವಿಮಾನದ ಕಿಟಕಿಯಿಂದ ನೋಡಿ ಪೈಲಟ್ ಅದನ್ನು ತಿಳಿಯಲಾರ.

ಎಂಜಿನಿಯರುಗಳು ಕಂಡುಕೊಂಡ ಇನ್ನೊಂದು ಪಾಠ ಗಾಲಿಗಳದ್ದು. 1946ರಲ್ಲಿ ಹಾರಿದ ಎಕ್ಸ್‌ಬಿ-36 ಬಾಂಬರಿಗೆ ಮೊದಲು ಆಚೀಚೆ ಒಂದೊಂದೇ ಗಾಲಿ ಇಟ್ಟಿದ್ದರು, ಟೈರಿನ ಎತ್ತರ 2.8 ಮೀಟರ್. ಅದರ ಒತ್ತಡ ತಾಳುವ ರನ್‌ವೇಗಳು ಇಡೀ ಅಮೆರಿಕದಲ್ಲಿ ಮೂರೇ ಇದ್ದವು. ಆಮೇಲೆ ಒಂದರ ಬದಲು ನಾಲ್ಕು ಸಣ್ಣ ಗಾಲಿ ಜೋಡಿಸಿದರು, ತಾಪತ್ರಯ ಮುಗಿಯಿತು. ಮದುವೆಮನೆಯ ಕೊಪ್ಪರಿಗೆಯನ್ನು ಇಬ್ಬರು ಹೊರುವುದಕ್ಕೂ ನಾಲ್ವರು ಹೊರುವುದಕ್ಕೂ ಇರುವ ವ್ಯತ್ಯಾಸ. 2016ರ ಮೇ 13ರಂದು, ಆಗ ಜಗತ್ತಿನ ಅತಿ ಭಾರದ ವಿಮಾನವಾಗಿದ್ದ ಆಂಟೊನೊವ್ ಎಎನ್-225 ಹೈದರಾಬಾದಿನ ಶಂಷಾಬಾದಿನಲ್ಲಿ ಇಳಿದಾಗ ನೋಡಲು ಜನ ಮುಗಿಬಿದ್ದರು. ಅದರ ಗರಿಷ್ಠ ತೂಕ 640 ಟನ್, ಗಾಲಿಗಳು 32. ಸರಾಸರಿ ಗಾಲಿಗೆ 20 ಟನ್. ನಾವು ದಿನವೂ ಕಾಣುವ 777-300ಇಆರ್‌ಗೆ 14 ಗಾಲಿ. ಸರಾಸರಿ 25 ಟನ್. ಒಂದೊಂದು ಗಾಲಿಯ ಮೇಲೂ ತುಂಬಿದ ಹತ್ತು ಚಕ್ರದ ಲಾರಿಯೊಂದು ಹೆಚ್ಚುಕಡಿಮೆ ಕೂತ ಹಾಗಾಯಿತು. ಯಾವುದು ಭಾರ ಎಂಬುದಕ್ಕಿಂತ ಭಾರ ಹೇಗೆ ಹಂಚಿದೆ ಎಂಬುದೇ ಮುಖ್ಯ.

ವಿಮಾನದ ಗಾತ್ರ ನೋಡಿ ಮೋಸಹೋಗುವ ಸಂದರ್ಭ ಇನ್ನೊಂದಿದೆ. ನಮ್ಮ ಸಣ್ಣ ಊರುಗಳ ನಡುವೆ ಓಡಾಡುವ ಎಟಿಆರ್-72 ಎಪ್ಪತ್ತು ಚಿಲ್ಲರೆ ಜನರನ್ನು ಹೊತ್ತೂ 23 ಟನ್ನಿನ ಒಳಗಿರುತ್ತದೆ. ಹತ್ತೋ ಹದಿನೈದೋ ಸಾಹುಕಾರರು ಕೂರುವ ಗಲ್ಫ್‌ಸ್ಟ್ರೀಮ್ ಜಿ650 ಎಂಬ ಖಾಸಗಿ ಜೆಟ್ ಇಂಧನ ತುಂಬಿಸಿಕೊಂಡರೆ 45 ಟನ್! ಅದಕ್ಕೂ ಆರೇ ಗಾಲಿ. ನೋಡಲು ತೆಳ್ಳಗೆ, ತುಳಿದರೆ ಆನೆ. ಇಂಥವೇ ವೇಳಾಪಟ್ಟಿಯಿಲ್ಲದೆ, ಹಿಂದೆ ಎಂದೂ ಹೋಗದ ಸಣ್ಣ ನಿಲ್ದಾಣಗಳಿಗೆ ಹೋಗುವುದು. ದೊಡ್ಡ ವಿಮಾನಯಾನ ಕಂಪನಿಗಳು ಹೊಸ ಊರಿಗೆ ಹಾರಾಟ ಶುರುಮಾಡುವ ಮುನ್ನ ರನ್‌ವೇ, ಟ್ಯಾಕ್ಸಿವೇ, ನಿಲ್ಲುವ ಜಾಗ ಎಲ್ಲವನ್ನೂ ಕೂತು ಲೆಕ್ಕಹಾಕುವ ಎಂಜಿನಿಯರುಗಳನ್ನು ಇಟ್ಟುಕೊಂಡಿರುತ್ತವೆ. ಬಾಡಿಗೆ ಜೆಟ್ಟಿನ ಇಬ್ಬರು ಪೈಲಟ್‌ಗಳಿಗೆ ಇರುವುದು ಟ್ಯಾಬ್ಲೆಟ್ಟಿನಲ್ಲಿನ ಒಂದು ಪುಟದ ನಕ್ಷೆ.

ಈಗ ನಕ್ಷೆಯ ಮಾತಿಗೆ ಬರೋಣ. ನೆಲದ ತಾಕತ್ತನ್ನು ಹೇಳಲು ಜಗತ್ತಿಗೆಲ್ಲ ಒಂದೇ ಭಾಷೆ ಇರಲಿ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, 1980ರ ದಶಕದಲ್ಲಿ ಎಸಿಎನ್–ಪಿಸಿಎನ್ ಎಂಬ ಪದ್ಧತಿ ತಂದಿತು. ವಿಮಾನಕ್ಕೊಂದು ಅಂಕ, ನೆಲಕ್ಕೊಂದು ಅಂಕ. ವಿಮಾನದ್ದು ನೆಲದ್ದಕ್ಕಿಂತ ಹೆಚ್ಚಿರಬಾರದು, ಅಷ್ಟೆ. ನೆಲದ ಅಂಕದ ಹಿಂದೆ ನಾಲ್ಕು ಅಕ್ಷರಗಳ ಬಾಲ. 80/ಆರ್/ಬಿ/ಡಬ್ಲ್ಯು/ಟಿ ಎಂದಿದ್ದರೆ, ಅಂಕ 80, ಮೇಲ್ಮೈ ಕಾಂಕ್ರೀಟಿನಂಥ ಬಿಗಿಯಾದದ್ದು, ಕೆಳಗಿನ ಮಣ್ಣು ಮಧ್ಯಮ, ಟೈರಿನ ಒತ್ತಡಕ್ಕೆ ಮಿತಿಯಿಲ್ಲ, ಇದನ್ನು ತಾಂತ್ರಿಕವಾಗಿ ಪರೀಕ್ಷಿಸಿಯೇ ಹೇಳಿದ್ದೇವೆ ಎಂದರ್ಥ. ಕೊನೆಯಲ್ಲಿ ಟಿ ಬದಲು ಯು ಇದ್ದರೆ ಅದರ ಅರ್ಥ ಸ್ವಲ್ಪ ತಮಾಷೆಯದು: ಇಂಥ ವಿಮಾನ ಇಷ್ಟು ದಿನ ಓಡಾಡಿದೆ, ಏನೂ ಆಗಿಲ್ಲ, ಆದ್ದರಿಂದ ಪರವಾಗಿಲ್ಲ. ನಮ್ಮ ಎಷ್ಟೋ ಹಳ್ಳಿ ಸೇತುವೆಗಳಿಗೂ ಇದೇ ಪ್ರಮಾಣಪತ್ರ.

2024ರ ನವೆಂಬರ್ 28ರಿಂದ ಇದರ ಜಾಗಕ್ಕೆ ಎಸಿಆರ್–ಪಿಸಿಆರ್ ಎಂಬ ಹೊಸ ಪದ್ಧತಿ ಬಂದಿದೆ. ಲೆಕ್ಕ ಹೆಚ್ಚು ಕರಾರುವಾಕ್ಕು. ಹಿಂದೆ ಸಾವಿರ ಕಿಲೊಗಳಲ್ಲಿ ಎಣಿಸುತ್ತಿದ್ದುದನ್ನು ಈಗ ನೂರು ಕಿಲೊಗಳಲ್ಲಿ ಎಣಿಸುವುದರಿಂದ ಅಂಕಗಳು ಸರಿಸುಮಾರು ಹತ್ತುಪಟ್ಟಾಗಿವೆ. ಹಳೆಯದನ್ನೂ ಹೊಸದನ್ನೂ ಬೆರೆಸಿ ಓದುವವನ ಗತಿ, ನಯಾಪೈಸೆ ಬಂದ ಹೊಸತರಲ್ಲಿ ಆಣೆಯಲ್ಲಿ ಲೆಕ್ಕ ಹಿಡಿದ ಅಂಗಡಿಯವನದು.

ಅಂಕಗಳಿವೆ, ಅವನ್ನು ಪ್ರಕಟಿಸುವ ಪುಸ್ತಕವೂ ಇದೆ. ಪ್ರತಿ ದೇಶವೂ ತನ್ನ ನಿಲ್ದಾಣಗಳ ವಿವರಗಳನ್ನು ಎಐಪಿ ಎಂಬ ಅಧಿಕೃತ ಸಂಪುಟದಲ್ಲಿ ಕೊಡಬೇಕು. ನಮ್ಮಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಆ ಕೆಲಸ ಮಾಡುತ್ತದೆ. ಆ ಸಂಪುಟದ ಕ್ರಮದಲ್ಲಿ ರನ್‌ವೇ ತಾಕತ್ತು ಒಂದು ಕೋಷ್ಟಕದಲ್ಲಿ, ಟ್ಯಾಕ್ಸಿವೇಗಳ ಅಗಲ, ಮೇಲ್ಮೈ, ತಾಕತ್ತು ಇನ್ನೊಂದು ಕೋಷ್ಟಕದಲ್ಲಿ. ನಕ್ಷೆಗಳಿಗೆ ಸಂಬಂಧಿಸಿದ ಐಸಿಎಒ ಅನುಬಂಧ 4 ಕೂಡ, ಅನ್ವಯಿಸುವಲ್ಲೆಲ್ಲ ಟ್ಯಾಕ್ಸಿವೇಯ ಭಾರಶಕ್ತಿಯನ್ನೋ ವಿಮಾನದ ಬಗೆಯ ಮೇಲಿನ ನಿರ್ಬಂಧವನ್ನೋ ನಿಲ್ದಾಣದ ನಕ್ಷೆಯಲ್ಲಿ ತೋರಿಸಿ ಎನ್ನುತ್ತದೆ. ಕಾನೂನಿನ ಕಡೆಯಿಂದ ಕೊರತೆಯಿಲ್ಲ. ಕೊರತೆ ಇರುವುದು ಆ ‘ಅನ್ವಯಿಸುವಲ್ಲೆಲ್ಲ’ ಎಂಬ ಮಾತಿನಲ್ಲಿ.

ಅಮೆರಿಕದ ಸರ್ಕಾರಿ ನಕ್ಷೆಗಳನ್ನು ತೆರೆದು ನೋಡಿ. ಆ ದೇಶದ ವಿಮಾನಯಾನ ಆಡಳಿತ ಎಫ್‌ಎಎ ಅಚ್ಚುಹಾಕುವ ನಿಲ್ದಾಣದ ರೇಖಾಚಿತ್ರದಲ್ಲಿ ರನ್‌ವೇಗಳ ಭಾರಶಕ್ತಿ ಮೂಲೆಯಲ್ಲಿ ಇರುತ್ತದೆ: ಒಂಟಿ ಗಾಲಿಗೆ ಇಷ್ಟು, ಜೋಡಿ ಗಾಲಿಗೆ ಇಷ್ಟು, ಎರಡು ಜೋಡಿಗೆ ಇಷ್ಟು ಸಾವಿರ ಪೌಂಡು ಎಂದು. ಟ್ಯಾಕ್ಸಿವೇಗಳಿಗೆ ಸಿಕ್ಕಿರುವುದು ಎ, ಬಿ, ಸಿ ಎಂಬ ಹೆಸರು ಮಾತ್ರ. ಯಾವುದೋ ಟ್ಯಾಕ್ಸಿವೇ 12,500 ಪೌಂಡಿಗಿಂತ, ಅಂದರೆ ಸುಮಾರು ಐದೂಮುಕ್ಕಾಲು ಟನ್ನಿಗಿಂತ ಭಾರದ ವಿಮಾನಕ್ಕೆ ತಕ್ಕುದಲ್ಲ ಎಂಬಂಥ ಎಚ್ಚರಿಕೆ ಇದ್ದರೆ ಅದು ಚಾರ್ಟ್ ಸಪ್ಲಿಮೆಂಟ್ ಎಂಬ ಬೇರೆ ಪುಸ್ತಕದಲ್ಲಿ, ಹಕ್ಕಿಗಳಿವೆ, ಜಿಂಕೆಗಳಿವೆ, ರಾತ್ರಿ ಇಂಧನಕ್ಕೆ ಫೋನ್ ಮಾಡಿ ಎಂಬ ಸಾಲುಗಳ ನಡುವೆ, ಸಂಕ್ಷೇಪಾಕ್ಷರಗಳ ಕಾಡಿನಲ್ಲಿ ಅಡಗಿರುತ್ತದೆ. ಇಲ್ಲವೇ ನೋಟಾಮ್ ಎಂಬ ತಾತ್ಕಾಲಿಕ ಸೂಚನೆಗಳ ಉದ್ದನೆಯ ಪಟ್ಟಿಯಲ್ಲಿ. ಅಲ್ಲೂ ಇಲ್ಲದಿದ್ದರೆ ನಿಲ್ದಾಣದ ಮ್ಯಾನೇಜರಿಗೆ ಫೋನ್ ಮಾಡಬೇಕು.

ನಕ್ಷೆ ಬರೆಯುವವರನ್ನೇ ಪೂರ್ತಿ ದೂರುವಂತಿಲ್ಲ. ಅವರು ನಿಲ್ದಾಣ ಕೊಟ್ಟದ್ದನ್ನು ಬರೆಯುತ್ತಾರೆ. ಕೊಡದಿದ್ದರೆ ಊಹಿಸಿ ತುಂಬುವಂತಿಲ್ಲ. ಹಳೆಯ ನಿಲ್ದಾಣದ ನೆಲ ಎಂದರೆ ಕೌದಿ ಇದ್ದ ಹಾಗೆ. ಒಂದು ತುಂಡು ಎರಡನೇ ಮಹಾಯುದ್ಧದ ಕಾಲದ ಕಾಂಕ್ರೀಟು, ಪಕ್ಕದ್ದು ಎಪ್ಪತ್ತರ ದಶಕದ ಡಾಂಬರು, ಅದಕ್ಕೆ ತಾಗಿದ್ದು ಸಣ್ಣ ವಿಮಾನಗಳ ಶೆಡ್ಡಿಗೆಂದು ತೆಳ್ಳಗೆ ಹಾಸಿದ ದಾರಿ. ಎಲ್ಲಕ್ಕೂ ಒಂದೇ ಕಪ್ಪು ಬಣ್ಣ, ಎಲ್ಲದರ ಮೇಲೂ ಒಂದೇ ಹಳದಿ ಗೆರೆ. ಇಪ್ಪತ್ತು ಮೂವತ್ತು ತುಂಡುಗಳಿಗೂ ಐದು ಭಾಗದ ಸಂಕೇತ ಬರೆದರೆ ಅಂಗೈಯಗಲದ ನಕ್ಷೆ ಓದಲಾರದಂತಾಗುತ್ತದೆ ಎಂಬ ಆಕ್ಷೇಪವೂ ಸುಳ್ಳಲ್ಲ.

ಇದಕ್ಕಿಂತ ನನಗೆ ಕುತೂಹಲ ಹುಟ್ಟಿಸುವುದು ಆ ಚಾರ್ಟ್ ಸಪ್ಲಿಮೆಂಟಿನ ಮುನ್ನುಡಿಯಲ್ಲಿರುವ ಒಂದು ಷರತ್ತಿನ ಮಾತು. ಇಲ್ಲಿ ಕೊಟ್ಟ ಭಾರದ ಅಂಕಿ ಸಾಮಾನ್ಯ ಓಡಾಟಕ್ಕೆ ತಕ್ಕ ಅಂದಾಜು, ಗರಿಷ್ಠ ಮಿತಿಯಲ್ಲ. ಹೆಚ್ಚು ಭಾರದ ವಿಮಾನ ಬರಬಹುದೇ ಎಂಬುದು ನಿಲ್ದಾಣದ ಮಾಲೀಕರಿಗೂ ಬಳಸುವವರಿಗೂ ಬಿಟ್ಟ ಒಪ್ಪಂದ ಎಂಬ ಅರ್ಥದ ಮಾತು ಅದು. ಹಾಗೆ ಹೇಳಲು ಕಾರಣವೂ ಇದೆ. ನೆಲಗಟ್ಟು ಹಗ್ಗದಂತೆ ಒಂದೇ ಏಟಿಗೆ ಕಡಿದುಹೋಗುವುದು ಅಪರೂಪ, ಅದು ಸವೆಯುತ್ತದೆ. ಐಸಿಎಒ ಕೂಡ ಅಪರೂಪಕ್ಕೆ ಅಂಕ ಮೀರುವುದನ್ನು ಒಪ್ಪುತ್ತದೆ: ಹಳೆಯ ಎಸಿಎನ್–ಪಿಸಿಎನ್ ಪದ್ಧತಿಯಲ್ಲಿ ಇದು ಡಾಂಬರಿಗೆ ಶೇ 10, ಕಾಂಕ್ರೀಟಿಗೆ ಶೇ 5ರಷ್ಟಿತ್ತು, ಅದೂ ವರ್ಷದ ಒಟ್ಟು ಓಡಾಟದ ಶೇ 5ರೊಳಗೆ. ನೆಲದಲ್ಲಿ ಈಗಾಗಲೇ ಬಿರುಕು ಕಂಡಿದ್ದರೆ, ಮಳೆ ನೀರು ಕುಡಿದು ತಳ ಮೆತ್ತಗಾಗಿದ್ದರೆ ಆ ರಿಯಾಯಿತಿಯೂ ಇಲ್ಲ.

ಈ ಸಡಿಲಿಕೆಯೇ ಉಪೇಕ್ಷೆಗೆ ದಾರಿಯಾಗಿದೆ ಎಂದು ನನ್ನ ಗುಮಾನಿ. ತಪ್ಪು ಮಾಡಿದವನ ಗಾಲಿಯ ಕೆಳಗೇ ನೆಲ ಕುಸಿದಿದ್ದರೆ ಮರುದಿನವೇ ನಕ್ಷೆ ಬದಲಾಗುತ್ತಿತ್ತು. ಹಾಗಾಗುವುದಿಲ್ಲ. ಭಾರದ ಜೆಟ್ ಬಂದು, ತಿರುಗಿ, ಹೋಗುತ್ತದೆ. ಕಣ್ಣಿಗೆ ಕಾಣದ ಬಿರುಕು ಉಳಿಯುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಡಾಂಬರು ಏಳುತ್ತದೆ, ಸಡಿಲಾದ ಜಲ್ಲಿ ಯಾರದೋ ಎಂಜಿನ್ನಿನೊಳಗೆ ಸೇರುವ ಭಯ ಹುಟ್ಟುತ್ತದೆ, ರಿಪೇರಿಯ ಖರ್ಚು ಆ ಪುಟ್ಟ ಊರಿನ ಪುರಸಭೆಯ ತಲೆಗೆ ಬರುತ್ತದೆ. ಯಾವ ವಿಮಾನ, ಯಾವ ದಿನ ಎಂದು ಹೇಳುವವರಿಲ್ಲ. ರಸ್ತೆಗಳ ವಿಷಯದಲ್ಲಿ 1950ರ ದಶಕದ ಕೊನೆಗೆ ಇಲಿನಾಯ್ ರಾಜ್ಯದಲ್ಲಿ ನಡೆದ ದೊಡ್ಡ ಪ್ರಯೋಗವೊಂದು, ಅಚ್ಚಿನ ಮೇಲಿನ ಭಾರದ ಸರಿಸುಮಾರು ನಾಲ್ಕನೆಯ ಘಾತದಂತೆ ಹಾನಿ ಏರುತ್ತದೆ ಎಂದು ತೋರಿಸಿತು. ಭಾರ ಐದನೇ ಒಂದು ಪಾಲು ಹೆಚ್ಚಿದರೆ ಹಾನಿ ಎರಡು ಪಟ್ಟು. ವಿಮಾನದ ನೆಲಕ್ಕೆ ಲೆಕ್ಕ ಇಷ್ಟು ಸರಳವಲ್ಲದಿದ್ದರೂ ದಿಕ್ಕು ಅದೇ.

ಟ್ಯಾಕ್ಸಿವೇಯ ವಿಷಯ ಪೈಲಟ್‌ನ ಗಮನಕ್ಕೆ ಬರದೇ ಹೋದರೆ ಆಗುವ ಅನಾಹುತ ಕಣ್ಣಿಗೆ ಕಾಣುವಂತೆ ನಡೆದದ್ದು ಜೊಹಾನ್ಸ್‌ಬರ್ಗ್‌ನಲ್ಲಿ. ಅಲ್ಲಿನ ಸಮಸ್ಯೆ ಭಾರದ್ದಲ್ಲ, ಅಗಲದ್ದು. 2013ರ ಡಿಸೆಂಬರ್ 22ರ ರಾತ್ರಿ ಲಂಡನ್ನಿಗೆ ಹೊರಟ ಬ್ರಿಟಿಷ್ ಏರ್‌ವೇಸ್ ಬೋಯಿಂಗ್ 747, ಬ್ರಾವೊ ಎಂಬ ಟ್ಯಾಕ್ಸಿವೇ ಹಿಡಿಯಬೇಕಿದ್ದದ್ದು ನೆಟ್ಟಗೆ ಮೈಕ್ ಎಂಬ ಕಿರಿದಾದ ದಾರಿಗೆ ನುಗ್ಗಿತು. ಬಲರೆಕ್ಕೆ ಪಕ್ಕದ ಕಚೇರಿ ಕಟ್ಟಡವನ್ನು ಸೀಳಿಕೊಂಡು ನಿಂತಿತು. ಕಟ್ಟಡದೊಳಗಿದ್ದ ನಾಲ್ವರಿಗೆ ಗಾಯ, ವಿಮಾನದಲ್ಲಿದ್ದವರೆಲ್ಲ ಪಾರು. ವಿಮಾನ ಮತ್ತೆ ಹಾರಲಿಲ್ಲ. ದಕ್ಷಿಣ ಆಫ್ರಿಕಾದ ತನಿಖೆ ಮುಖ್ಯವಾಗಿ ಹೇಳಿದ್ದು ಪೈಲಟ್‌ಗಳಿಗೆ ತಾವೆಲ್ಲಿದ್ದೇವೆ ಎಂಬ ಅರಿವು ತಪ್ಪಿದ್ದನ್ನು. ಜೊತೆಗೆ, ಆ ಕವಲಿನ ಕುರಿತ ಎಚ್ಚರಿಕೆಯ ಟಿಪ್ಪಣಿಗಳು ಅವರ ಮನಸ್ಸಿಗೆ ಇಳಿದಿರಲಿಲ್ಲ ಎಂಬುದನ್ನೂ, ನಿಲ್ದಾಣದ ದೀಪ-ಫಲಕಗಳ ಲೋಪವನ್ನೂ ಎತ್ತಿ ತೋರಿಸಿತು. ಟಿಪ್ಪಣಿ ಇದ್ದೂ ಹೀಗಾದರೆ, ಟಿಪ್ಪಣಿಯೇ ಇಲ್ಲದ ಕಡೆ?

ಗೋಪುರದಲ್ಲಿ ಕೂತ ನಿಯಂತ್ರಕರು ಇದ್ದಾರಲ್ಲ ಎನ್ನಬಹುದು. ಅವರ ಕೆಲಸ ಒಂದು ವಿಮಾನ ಇನ್ನೊಂದಕ್ಕೆ ತಾಗದಂತೆ ನೋಡಿಕೊಳ್ಳುವುದು. ಡಾಂಬರಿನ ದಪ್ಪ ಅವರ ಪರದೆಯ ಮೇಲೆ ಇರುವುದಿಲ್ಲ. ‘ಚಾರ್ಲಿ ಟ್ಯಾಕ್ಸಿವೇ ಮೂಲಕ ಹೋಗಿ’ ಎಂಬ ಅನುಮತಿಗೆ, ಚಾರ್ಲಿ ನಿಮ್ಮನ್ನು ಹೊರುತ್ತದೆ ಎಂಬ ಭರವಸೆಯ ಅರ್ಥವಿಲ್ಲ. ಎಷ್ಟೋ ಸಣ್ಣ ನಿಲ್ದಾಣಗಳಲ್ಲಿ ಗೋಪುರವೇ ಇರುವುದಿಲ್ಲ.

ನಮ್ಮ ಲೋಕೋಪಯೋಗಿ ಇಲಾಖೆಯನ್ನು ಹೊಗಳುವ ಅವಕಾಶ ಬರಹಗಾರರಿಗೆ ಕಡಿಮೆ; ಇಲ್ಲಿ ಒಂದು ಸಿಕ್ಕಿದೆ. ಹಳ್ಳಿಯ ಶಿಥಿಲ ಸೇತುವೆಯ ಸಾಮರ್ಥ್ಯವನ್ನು ಅದು ವಾರ್ಷಿಕ ವರದಿಯ ಅನುಬಂಧದಲ್ಲಿ ಬರೆದು ಸುಮ್ಮನಾಗುವುದಿಲ್ಲ. ಸೇತುವೆಯ ಬಾಯಲ್ಲೇ ಕಲ್ಲು ನೆಟ್ಟು, ಭಾರೀ ವಾಹನಗಳಿಗೆ ಪ್ರವೇಶವಿಲ್ಲ ಎಂದು ಬಣ್ಣದಲ್ಲಿ ಬರೆಸುತ್ತದೆ. ಲಾರಿ ಡ್ರೈವರ್ ಓದುವುದು ಅಲ್ಲಿ, ಹಿಂದಕ್ಕೆ ತಿರುಗುವುದೂ ಅಲ್ಲಿ. ವಿಮಾನಕ್ಕೆ ರಿವರ್ಸ್ ಗೇರಿಲ್ಲ. ಕಿರಿದಾದ ಟ್ಯಾಕ್ಸಿವೇಗೆ ಮೂಗು ತೂರಿಸಿದ ಮೇಲೆ ತಿಳಿದರೆ ಟಗ್ ಬರುವವರೆಗೆ ಕಾಯಬೇಕು, ಇಲ್ಲವೇ ದೇವರ ಮೇಲೆ ಭಾರ ಹಾಕಿ ಮುಂದೆ ಹೋಗಬೇಕು. ಆದ್ದರಿಂದ ಅದರ ಫಲಕ ನಕ್ಷೆಯಲ್ಲೇ ಇರಬೇಕು.

ಎಲ್ಲ ಟ್ಯಾಕ್ಸಿವೇಗೂ ಸಂಕೇತ ತುಂಬಿ ಎಂದು ಯಾರೂ ಕೇಳುತ್ತಿಲ್ಲ. ರನ್‌ವೇಯಷ್ಟೇ ಗಟ್ಟಿಯಾದ ದಾರಿಗಳಿಗೆ ಏನೂ ಬೇಡ. ರನ್‌ವೇಗಿಂತ ದುರ್ಬಲವಾದ ತುಂಡುಗಳನ್ನು ಮಾತ್ರ ಬೇರೆ ಬಣ್ಣದಲ್ಲೋ ಗೀರುಗಳಲ್ಲೋ ತೋರಿಸಿ, ಬಾಯಲ್ಲಿ ಒಂದು ಅಂಕಿ ಬರೆದರೆ ಮುಗಿಯಿತು. ಪೈಲಟ್‌ಗಳ ಕೈಯಲ್ಲಿರುವುದು ಈಗ ಕಾಗದವಲ್ಲ, ಪರದೆ. ವಿಮಾನದ ತೂಕವನ್ನೂ ಅದರಲ್ಲೇ ಲೆಕ್ಕಹಾಕುತ್ತಾರೆ. ಅಂತರರಾಷ್ಟ್ರೀಯ ಪದ್ಧತಿಯಂತೆ ಈ ನಕ್ಷೆಗಳು ಹೊಸದಾಗಲು ನಿಗದಿಯಾದ ದಿನಗಳು 28 ದಿನಕ್ಕೊಮ್ಮೆ ಬರುತ್ತವೆ. ನಿಲ್ದಾಣದವರು ತಮ್ಮ ದುರ್ಬಲ ದಾರಿಗಳ ಪಟ್ಟಿಯನ್ನು ಇಂದು ಕಳಿಸಲಿ, ನಕ್ಷೆಯವರು ಮುಂದಿನ ಕಂತಿನಲ್ಲೇ ಅದನ್ನು ಗೀಚಲಿ.